ಪೀಠವೇರಿದ ಕ್ಯಾರವಾನ್

ಪೀಠದ ಮೇಲೆ ಇರಿಸಿದ, ಬಟ್ಟೆ ಹೊದೆಸಿದ ಹಾಗೂ ಹಗ್ಗ ಬಿಗಿದ ಯಾವುದೇ ವಸ್ತುವನ್ನು ಗಣ್ಯರಲ್ಲದವರು ಅನಾವರಣಗೊಳಿಸತಕ್ಕದ್ದಲ್ಲ. ಇದು ಸರ್ಕಾರಿ ಸುತ್ತೋಲೆ. ಇದನ್ನು ಬರೆದವರು ಉದ್ಘಾಟನೆ ಮತ್ತು ಅನಾವರಣಗಳ ನಿರ್ದೇಶನಾಲಯದ ನಿವೃತ್ತ ಅಧೀಕ್ಷಕರಾದ ಶ್ರೀ ಪಂಚಾಕ್ಷರಿಯವರು. ಈ ಸುತ್ತೋಲೆಯಿಂದ ನಾಡಿನಲ್ಲಿ ಬಹುಕಾಲ ಯಾರಿಗೂ ತೊಂದರೆಯಾದ ವರದಿ ಇರಲಿಲ್ಲ. ಆಮೇಲೆ ತೊಂದರೆಗೆ ಸಿಕ್ಕ ಮೊದಲ ನಾಗರಿಕರೂ ಪಂಚಾಕ್ಷರಿಯವರೇ.

ಬಸವೇಶ್ವರನಗರದ ಹೊಂಗೆ ಪಾರ್ಕಿನ ಎದುರು ಅವರ ಮನೆ. ಮದುವೆಯಾದ ಹೊಸದರಲ್ಲಿ ಅವರು ಹೆಂಡತಿ ಜಗದಾಂಬಾಗೆ ಒಂದು ಮಾತು ಕೊಟ್ಟಿದ್ದರು: "ಮರವಂತೆ ಸಮುದ್ರದ ಮುಂದೆ ಕೂರಿಸಿ ಕಾಫಿ ಕುಡಿಸ್ತೀನಿ ಕಣೇ." ಜಗದಾಂಬಾ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ಮೂರು ಸಮುದ್ರಗಳ ಬಗ್ಗೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು, ಒಂದನ್ನೂ ಕಣ್ಣಲ್ಲಿ ಕಂಡಿರಲಿಲ್ಲ. ಯಾಕೆಂದರೆ ರಜೆ ಬಂತು ಅನ್ನುವಷ್ಟರಲ್ಲಿ ಎಲ್ಲೋ ಒಬ್ಬ ಸಚಿವರು ಟೇಪು ಕತ್ತರಿಸುತ್ತಿದ್ದರು, ತಟ್ಟೆಯಲ್ಲಿ ಕತ್ತರಿ ಹಿಡಿದು ಪಂಚಾಕ್ಷರಿ ಪಕ್ಕದಲ್ಲಿ ನಿಲ್ಲಬೇಕಿತ್ತು.

ನಿವೃತ್ತಿಯಾಯಿತು. ಕೊಟ್ಟ ಮಾತು ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು. ಪಂಚಾಕ್ಷರಿ ಒಂದು ಹಳೆಯ ಕ್ಯಾರವಾನ್ ಕೊಂಡರು. ಒಳಗೆ ಮಂಚ, ಒಲೆ, ಕೈ ತೊಳೆಯುವ ಸಿಂಕು, ಒಟ್ಟಿನಲ್ಲಿ ಚಕ್ರದ ಮೇಲೊಂದು ಮನೆ. ಜಗದಾಂಬಾ ಅದಕ್ಕೆ ಆರತಿ ಎತ್ತಿ, ತವರಿನಿಂದ ತಂದ ಹಿತ್ತಾಳೆ ಕಾಫಿ ಫಿಲ್ಟರನ್ನು ತಾವೇ ಒಲೆಯ ಪಕ್ಕದಲ್ಲಿಟ್ಟರು. ಖುಷಿಗೆ ಅವರ ಕಣ್ಣು ತುಂಬಿ ಬಂದಿತ್ತು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. "ಘಾಟಿ ರಸ್ತೆ ಈಗ ಬೇಡ, ದಸರಾ ಕಳೆದ ಮೇಲೆ ಹೊರಡೋಣ" ಅಂದರು ಪಂಚಾಕ್ಷರಿ. ಅಲ್ಲಿಯವರೆಗೆ ಗಾಡಿ ನಿಲ್ಲಿಸುವುದೆಲ್ಲಿ? ಮನೆಯ ಗೇಟಿನಲ್ಲಿ ಅದು ತೂರದು. ರಸ್ತೆಯಲ್ಲಿ ನಿಲ್ಲಿಸೋಣ ಅಂದರೆ, ಒಂದು ಜೋರು ಮಳೆ ಬಿದ್ದರೆ ಆ ರಸ್ತೆಯಲ್ಲಿ ಚಪ್ಪಲಿಗಳು ಮೈಸೂರು ರಸ್ತೆ ಕಡೆ ತೇಲಿಕೊಂಡು ಹೋಗುತ್ತವೆ.

ಪಾರ್ಕಿನ ಮೂಲೆಯಲ್ಲಿ ಒಂದು ಖಾಲಿ ಪೀಠ ಇತ್ತು. ಅಲ್ಲಿ ಪುತ್ಥಳಿ ಆಗಬೇಕೆಂದು ಬಡಾವಣೆಯ ಸಂಘ ಹಿಂದೆಯೇ ನಿರ್ಣಯಿಸಿತ್ತು. ಯಾರ ಪುತ್ಥಳಿ ಅನ್ನುವುದರಲ್ಲಿ ಮಾತ್ರ ಒಮ್ಮತ ಬಂದಿರಲಿಲ್ಲ. ಯಾರು ಬಂದರೂ ಇಕ್ಕಟ್ಟಾಗದಿರಲಿ ಅಂತ, ಬೇಕಾದರೆ ಅಂಬಾರಿ ಸಮೇತ ಆನೆ ನಿಲ್ಲುವಷ್ಟು ಅಗಲಕ್ಕೆ ಕಾಂಕ್ರೀಟ್ ಹಾಕಿಸಿ, ಹತ್ತಲು ಇಳಿಜಾರನ್ನೂ ಮಾಡಿಸಿದ್ದರು. ಪಂಚಾಕ್ಷರಿ ಸಂಘದ ಕಾರ್ಯದರ್ಶಿ ಸುಧೀಂದ್ರರನ್ನು ಕೇಳಿದರು. ಸುಧೀಂದ್ರ ಉದಾರವಾಗಿ, "ನಿಲ್ಸಿ ಸಾರ್, ಅಲ್ಲಿ ನಾಯಿ ಮಲಗೋದು ಬಿಟ್ರೆ ಏನೂ ನಡೀತಿಲ್ಲ" ಅಂದರು. ಗಾಡಿ ಪೀಠ ಏರಿತು. ಟೈರಿಗೆ ನೀರು ಸೋಕುವ ಭಯ ತಪ್ಪಿತು.

ಇನ್ನು ಹೊದಿಕೆ. ನೀಲಿ ಟಾರ್ಪಾಲ್ ಹಾಕಿದರೆ ಒಳಗಿನ ಹಬೆ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ಬಟ್ಟೆಯೇ ಆಗಬೇಕು ಅಂತ ಪಂಚಾಕ್ಷರಿ ಎಲ್ಲೆಲ್ಲೋ ಓದಿ ತಿಳಿದುಕೊಂಡಿದ್ದರು. ಅಷ್ಟು ದೊಡ್ಡ ಬಟ್ಟೆ ಹೊಲಿಯಬಲ್ಲವರು ವಿಜಯನಗರದ ಶಾಮಿಯಾನ ಅಂಗಡಿಯವರೊಬ್ಬರೇ. ಅವರು ಶಾಮಿಯಾನ ಹೊಲಿದು ಪಳಗಿದ ಕೈಯವರು. ಕೆಂಪು ಹಳದಿ ಪಟ್ಟೆ ಕೊಟ್ಟು, ಸುತ್ತ ಝಾಲರು ಇಟ್ಟು, ಅಂದವಾಗಿ ಹೊಲಿದುಕೊಟ್ಟರು. ಪಂಚಾಕ್ಷರಿ ಗಾಡಿಯ ಮೂಲೆಗಳು ಹರಿಯದಂತೆ ಹಳೆಯ ರಗ್ಗು ಸುತ್ತಿ, ಹೊದಿಕೆ ಎಳೆದು, ಗಾಳಿಗೆ ಹಾರದಂತೆ ಹಗ್ಗ ಬಿಗಿದರು. ಕೆಲಸ ಅಚ್ಚುಕಟ್ಟಾಗಿತ್ತು. ಎಡವಟ್ಟಾಗಿದ್ದೇ ಅಲ್ಲಿ.

ಮಾರನೆಯ ವಾರ ವಾರ್ಡ್ ಇಂಜಿನಿಯರ್ ಗಿರಿರಾಜ್ ಪರಿಶೀಲನೆಗೆ ಬಂದರು. ಪೀಠ ನೋಡಿದರು, ಬಟ್ಟೆ ನೋಡಿದರು, ಹಗ್ಗ ಎಳೆದು ನೋಡಿದರು. ಮುಖ ಅರಳಿತು.

"ಅಂತೂ ಪುತ್ಥಳಿ ಬಂತಲ್ಲ ಸಾರ್! ಕಂಗ್ರಾಟ್ಸ್!"

"ಪುತ್ಥಳಿ ಅಲ್ಲಪ್ಪಾ, ನನ್ ಗಾಡಿ."

"ಗಾಡಿ ಅಂತ ನನಗೂ ಗೊತ್ತು ಸಾರ್. ನೀವು ಹತ್ತಿಸೋವಾಗ ನಾನೇ ರಿವರ್ಸ್ ಹೇಳಿದ್ನಲ್ಲ? ಆದ್ರೆ ಸುತ್ತೋಲೆ ಪ್ರಕಾರ ಪೀಠ ಇದೆ, ಬಟ್ಟೆ ಇದೆ, ಹಗ್ಗ ಇದೆ. ಒಳಗೆ ಏನಿದೆ ಅನ್ನೋದು ಸುತ್ತೋಲೆಗೆ ಸಂಬಂಧ ಇಲ್ಲ. ಎಷ್ಟು ಚೆನ್ನಾಗಿ ಬರೆದಿದೀರಾ ಸಾರ್!"

ಪಂಚಾಕ್ಷರಿ ವಾದ ಮಾಡಬಹುದಿತ್ತು. ಆದರೆ ತಾವು ಬರೆದ ವಾಕ್ಯವನ್ನು ಇಷ್ಟು ವರ್ಷಗಳ ಮೇಲೆ ಒಬ್ಬ ಯುವ ಅಧಿಕಾರಿಯ ಬಾಯಲ್ಲಿ ಕೇಳಿ ಅವರ ಎದೆ ಉಬ್ಬಿಹೋಯಿತು. "ವಸ್ತು ಅನ್ನೋ ಪದ ಬೇಕಂತಲೇ ಹಾಕಿದ್ದೆ, ಯಾರೂ ನುಣುಚಿಕೊಳ್ಳಬಾರದು ಅಂತ" ಅಂದುಬಿಟ್ಟರು.

ಕಿಟಕಿಯಿಂದ ಕೇಳಿಸಿಕೊಂಡ ಜಗದಾಂಬಾ ಹಣೆ ಹಣೆ ಚಚ್ಚಿಕೊಂಡರು.

ಸಂಜೆಗೆ ಪಾರ್ಕಿನ ಗೇಟಿನ ಮೇಲೆ ಪ್ರಕಟಣೆ ಅಂಟಿತು: "ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಪೀಠದ ಮೇಲಿನ ವಸ್ತುವನ್ನು ಮಾನ್ಯ ಸಚಿವರು ಅನಾವರಣಗೊಳಿಸಲಿದ್ದಾರೆ. ಅಲ್ಲಿಯವರೆಗೆ ಹೊದಿಕೆಯನ್ನು ಎತ್ತುವುದು, ಇಣುಕುವುದು ಹಾಗೂ ಒಳಗೆ ಏನಿದೆಯೆಂದು ಮೊದಲೇ ತಿಳಿದಿರುವುದನ್ನು ನಿಷೇಧಿಸಲಾಗಿದೆ." ನಿವಾಸಿಗಳು ಶಿಸ್ತಿನ ಜನ. ಅಂದಿನಿಂದ ಬೆಳಗಿನ ವಾಕಿಂಗಿಗೆ ಬರುವವರೆಲ್ಲ, ಒಳಗೆ ಯಾರಿರಬಹುದು ಅಂತ ಕುತೂಹಲದಿಂದ ಮಾತಾಡಿಕೊಳ್ಳತೊಡಗಿದರು. ಗಾಡಿ ತೊಳೆಯಲು ಪೈಪು ಕೊಟ್ಟಿದ್ದ ಪಕ್ಕದ ಮನೆಯ ಶೋಭಾರಾಣಿಯೂ ಬಂದು, "ಒಳಗೆ ನಿಂತಿರೋ ಭಂಗಿನಾ, ಕೂತಿರೋ ಭಂಗಿನಾ ಆಂಟಿ?" ಅಂತ ಜಗದಾಂಬಾರನ್ನೇ ಕೇಳಿದಳು.

ಜಗದಾಂಬಾಗೆ ಇದ್ದ ಚಿಂತೆ ಒಂದೇ. ಫಿಲ್ಟರ್ ಒಳಗೇ ಉಳಿದಿತ್ತು. ಸ್ಟೀಲ್ ಫಿಲ್ಟರಿನ ಕಾಫಿ ಅವರ ನಾಲಿಗೆಗೆ ಹತ್ತದು. ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಹೋಗಿ ಝಾಲರಿಗೆ ಕೈ ಹಾಕಿದರು. ಎಲ್ಲಿದ್ದರೋ ಗಿರಿರಾಜ್, ಓಡಿ ಬಂದರು.

"ಆಂಟಿ ಆಂಟಿ, ಝಾಲರು ಎತ್ತಬೇಡಿ! ಅದು ಭಾಗಶಃ ಅನಾವರಣ ಆಗುತ್ತೆ!"

"ನನ್ ಫಿಲ್ಟರ್ ತಗೊಳ್ಳೋಕೂ ಸಚಿವರು ಬರಬೇಕೇನಪ್ಪಾ?"

"ಉಪಸಚಿವರಾದ್ರೂ ನಡಿಯುತ್ತೆ ಆಂಟಿ. ಆದ್ರೆ ಈಗ ಆ ಹುದ್ದೆ ಖಾಲಿ ಇದೆ."

ಅಂದು ರಾತ್ರಿ ಊಟಕ್ಕೆ ಕೂತಾಗ ಜಗದಾಂಬಾ ಗಂಡನ ಮುಖ ನೋಡದೆ ಹೇಳಿದರು: "ಇಷ್ಟು ವರ್ಷ ಆ ಸಚಿವರುಗಳ ಹಿಂದೆ ನೀವು ಓಡಿದ್ರಿ. ಈಗ ಅವರ ದಾರಿ ಕಾಯೋ ಹಾಗೆ ನನ್ನೂ ಮಾಡಿದ್ರಲ್ರೀ." ಸುತ್ತೋಲೆಯ ಮೇಲೆ ಪಂಚಾಕ್ಷರಿಗೆ ಮೊದಲ ಸಲ ಕೋಪ ಬಂತು.

ಸಚಿವರು ಒಂದು ದಿನಾಂಕ ಕೊಟ್ಟರು, ಅಧಿವೇಶನ ಬಂತು. ಇನ್ನೊಂದು ಕೊಟ್ಟರು, ಅದು ಪಿತೃಪಕ್ಷದೊಳಗೆ ಬಿತ್ತು. ಈ ನಡುವೆ ಮಳೆ ಜೋರಾಯಿತು. ಅನಾವರಣದ ಬಟ್ಟೆ ಈಗ ಸರ್ಕಾರಿ ಮಹತ್ವದ್ದು, ನೆನೆದು ಬಣ್ಣ ಬಿಟ್ಟರೆ ಸಚಿವರಿಗೆ ಅಗೌರವ. ಹಾಗಾಗಿ ಹೊದಿಕೆಯ ರಕ್ಷಣೆಗೆ ಅದರ ಮೇಲೆ ವಾರ್ಡ್ ಕಚೇರಿಯವರು ನೀಲಿ ಟಾರ್ಪಾಲ್ ಹಾಕಿದರು. ಟಾರ್ಪಾಲ್ ಬಿಸಿಲಿಗೆ ಸೀಳಬಾರದೆಂದು ಅದರ ಮೇಲೆ ತಗಡಿನ ಚಪ್ಪರ ಎಬ್ಬಿಸಿದರು. ಪಂಚಾಕ್ಷರಿ "ಬೂಷ್ಟು ಹಿಡಿಯುತ್ತೆ ಕಣಯ್ಯಾ!" ಅಂತ ಬಡಕೊಂಡರು. "ಪುತ್ಥಳಿಗೆ ಬೂಷ್ಟು ಹಿಡಿದ ಉದಾಹರಣೆ ಇಲ್ಲ ಸಾರ್" ಅಂದರು ಗಿರಿರಾಜ್.

ಅಂತೂ ದಸರಾ ಕಳೆದ ಮೇಲೆ ಸಚಿವರು ಬಂದರು. ತಗಡು ಬಿಚ್ಚಿದರು, ಟಾರ್ಪಾಲ್ ತೆಗೆದರು. ನಾದಸ್ವರ ಮೊಳಗಿತು. ಸಚಿವರು ಹಗ್ಗ ಎಳೆದರು, ಕೆಂಪು ಹಳದಿ ಬಟ್ಟೆ ಜಾರಿತು. ಪೀಠದ ಮೇಲೆ, ಅಲ್ಲಲ್ಲಿ ಬೂಷ್ಟು ಹಿಡಿದ ಒಂದು ಬಿಳಿ ಕ್ಯಾರವಾನ್ ನಿಂತಿತ್ತು.

ಸಚಿವರು ಇಂಥ ನೂರಾರು ಹಗ್ಗ ಎಳೆದವರು. ಕೈ ಮುಗಿದು, ಮೈಕ್ ಹಿಡಿದು, "ಬದುಕೇ ಒಂದು ಪಯಣ ಎಂದು ಸಾರಿದ ಈ ಮಹನೀಯರನ್ನು ನಾನು ಚಿಕ್ಕಂದಿನಿಂದಲೂ ಬಲ್ಲೆ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಹೋಲಿಕೆ ಚೆನ್ನಾಗಿ ಬಂದಿದೆ ಅಂತ ಶೋಭಾರಾಣಿ ಫೋಟೋ ತೆಗೆದುಕೊಂಡಳು.

ಎಲ್ಲ ಮುಗಿಯಿತೆಂದು ಪಂಚಾಕ್ಷರಿ ಕೀಲಿ ಹಿಡಿದು ಹೋದರು. ಗಿರಿರಾಜ್ ಅಡ್ಡ ನಿಂತರು. "ಅನಾವರಣ ಆದ ಪುತ್ಥಳೀನ ಕದಲಿಸೋ ಹಾಗಿಲ್ಲ ಸಾರ್. ಅದೂ ನಿಮ್ದೇ ಸುತ್ತೋಲೆ."

ಜಗದಾಂಬಾ ಗಂಡನನ್ನು ನೋಡಿದರು. ಅದು ಬೈಗುಳಕ್ಕಿಂತ ಚುರುಕಾಗಿ ತಾಗಿತು. ಪಂಚಾಕ್ಷರಿ ಕಣ್ಣು ಮುಚ್ಚಿ ತಮ್ಮ ಸುತ್ತೋಲೆಯನ್ನು ಮೊದಲಿಂದ ಮನಸ್ಸಿನಲ್ಲೇ ಓದಿಕೊಂಡರು. ಕೊನೆಗೆ ಬರುವಷ್ಟರಲ್ಲಿ ಮುಖ ಬೆಳಗಿತು.

"ಮೆರವಣಿಗೆ ಹೊರತುಪಡಿಸಿ ಅಂತ ಇದೆ ನೋಡು."

"ಇದೆ ಸಾರ್. ಎಲ್ಲೀವರೆಗೆ ಮೆರವಣಿಗೆ?"

"ದೂರ ಎಷ್ಟು ಅಂತ ಬರೆಯೋದು ಅವತ್ತು ಮರೆತುಹೋಗಿತ್ತು" ಅಂದರು ಪಂಚಾಕ್ಷರಿ. ತಮ್ಮ ಮರೆವನ್ನು ಅವರು ಅಷ್ಟು ಪ್ರೀತಿಯಿಂದ ಇನ್ನೆಂದೂ ನೆನೆದಿರಲಿಲ್ಲ.

ಹೀಗೆ ಪುತ್ಥಳಿಯ ಮೆರವಣಿಗೆ ಬಸವೇಶ್ವರನಗರದಿಂದ ನೆಲಮಂಗಲ, ಹಾಸನ ಮಾರ್ಗವಾಗಿ ಮರವಂತೆಗೆ ಹೊರಟಿತು. ನಾದಸ್ವರದವರು ಪಾರ್ಕಿನ ತಿರುವಿನವರೆಗೆ ಬಂದು ವಾಪಸಾದರು. ಮುಂಭಾಗದಲ್ಲಿ ಸಚಿವರು ಹಾಕಿದ ಹಾರ, ಒಳಗೆ ವಿನೆಗರ್ ಹಾಕಿ ಬೂಷ್ಟು ಒರೆಸುತ್ತ ಕೂತ ಜಗದಾಂಬಾ. ಟೋಲಿನಲ್ಲಿ ಏನು ವಾಹನ ಎಂದು ಕೇಳಿದರು. ಪಂಚಾಕ್ಷರಿ ಕಾನೂನಿನಂತೆ ಪುತ್ಥಳಿ ಎಂದರು. ಟೋಲಿನವರು ಕೈ ಮುಗಿದು ಬಿಟ್ಟರು.

ಮರವಂತೆಯಲ್ಲಿ ಗಾಡಿ ನಿಂತಿತು. ಜಗದಾಂಬಾ ಬಹಳ ಹೊತ್ತು ಸಮುದ್ರವನ್ನೇ ನೋಡಿದರು. "ಮ್ಯಾಪಲ್ಲಿ ಇದನ್ನ ತುಂಬಾ ಚಿಕ್ಕದಾಗಿ ತೋರಿಸಿಬಿಟ್ಟೆ ಕಣ್ರೀ ಮಕ್ಕಳಿಗೆ" ಅಂದರು. ಹಿತ್ತಾಳೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕತೊಡಗಿತು. ಅಷ್ಟರಲ್ಲಿ ಹನಿ ಬಿತ್ತು. ಪಂಚಾಕ್ಷರಿ ಗಡಬಡಿಸಿ ಎದ್ದು ಕೆಂಪು ಹಳದಿ ಹೊದಿಕೆಗೆ ಕೈ ಹಾಕಿದರು. ಜಗದಾಂಬಾ ಅವರ ರಟ್ಟೆ ಹಿಡಿದು ಕೂರಿಸಿದರು.

"ನೆನೀಲಿ ಬಿಡ್ರೀ. ಹೊದಿಸಿದ್ರೆ ಇಲ್ಲಿ ಬೇರೆ ಸಚಿವರನ್ನ ಹುಡುಕಬೇಕಾಗುತ್ತೆ."

ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಫೋನು ಬಂತು. ಸುಧೀಂದ್ರರ ದನಿ ಗಂಭೀರವಾಗಿತ್ತು. "ಸಾರ್, ಇಲ್ಲಿ ಜೋರು ಮಳೆ. ಖಾಲಿ ಪೀಠ ನೆನೀಬಾರದು ಅಂತ ಗಿರಿರಾಜ್ ಅವರು ಬಟ್ಟೆ ಹೊದಿಸಿ ಹಗ್ಗ ಕಟ್ಟಿಸಿದಾರೆ. ಈಗ ಅನಾವರಣ ಆಗೋವರೆಗೂ ಅದನ್ನ ತೆಗೆಯೋ ಹಾಗಿಲ್ಲ. ಗಾಡಿ ವಾಪಸ್ ಹತ್ತಿಸೋಕಾಗಲ್ಲ, ನೀವು ಅಲ್ಲೀವರೆಗೂ ಮೆರವಣಿಗೇಲೇ ಇರಬೇಕಾಗುತ್ತೆ. ಸಚಿವರ ಡೇಟ್ ಕೇಳಿದೀವಿ."

ಪಂಚಾಕ್ಷರಿ ಫೋನನ್ನು ಎದೆಗೊತ್ತಿಕೊಂಡು ವಿಷಯ ಹೇಳಿದರು. ಜಗದಾಂಬಾ ಕಾಫಿ ಒಂದು ಗುಟುಕು ಕುಡಿದು, ಅಲೆಗಳ ಕಡೆ ಕಾಲು ಚಾಚಿದರು.

"ಸಚಿವರಿಗೆ ಅವಸರ ಮಾಡಬೇಡಿ ಅಂತ ಹೇಳಿ" ಅಂದರು. "ಪಾಪ, ಅವರಿಗೂ ನೂರೆಂಟು ಕೆಲಸ ಇರುತ್ತೆ."