ದೋಣಿಯ ಮೂತಿಗೆ ಹಲ್ಲಿನ ಸಿಮೆಂಟು

"ಈ ಭಾನುವಾರ ಟ್ರೋಫಿ ಮನೆಗೆ ಬರದಿದ್ದರೆ ನನ್ನ ಅಂಗಡಿಯ ಗಡಿಯಾರಗಳೆಲ್ಲ ಹಿಂದಕ್ಕೆ ಓಡಲಿ!" ಎಂದು ಗಡಿಯಾರ ರಿಪೇರಿಯ ಯಜಮಾನರು ಊಟದ ಮೇಜಿನ ಮುಂದೆ ಭೀಷ್ಮ ಪ್ರತಿಜ್ಞೆ ಮಾಡಿದರು. ಹೆಂಡತಿ ಹಲ್ಲಿನ ಡಾಕ್ಟರು. ಇಂಥ ಪ್ರತಿಜ್ಞೆ ಕೇಳಿ ಕೇಳಿ ಆಕೆಯ ಕಿವಿ ಜಡ್ಡುಗಟ್ಟಿತ್ತು.

ಟ್ರೋಫಿ ತರಬೇಕಾಗಿದ್ದುದು ಅವರ ಮೊಳದುದ್ದದ ರಿಮೋಟ್ ರೇಸ್ ದೋಣಿ. ಹೋಗುವಾಗ ಮಹಾರಾಜ; ಕೊಳದ ತಿರುವು ಮುಗಿಸಿ ಬರುವಾಗ ಮಾತ್ರ ದಂಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು! ಇನ್ನೊಂದು ಸಲ ಗುದ್ದಿದರೆ ವರ್ಷವಿಡೀ ದೋಣಿ ಕ್ಲಬ್ಬಿನಿಂದ ಹೊರಗೆ ಎಂದು ಕಾರ್ಯದರ್ಶಿಗಳು ಎಚ್ಚರಿಸಿಯೂ ಆಗಿತ್ತು.

"ದೋಷ ಯಾವತ್ತೂ ಸ್ಕ್ರೂನಲ್ಲೇ ಇರತ್ತೆ ಕಣೇ!" ಎಂದ ಯಜಮಾನರು ಚುಕ್ಕಾಣಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಬ್ಯಾಟರಿಯನ್ನು ಮುಂದಕ್ಕೆ ಜರುಗಿಸಿದರು. ಮೂತಿ ಮೇಲೇಳದಿರಲೆಂದು ಸೀಸದ ತುಂಡಿಟ್ಟು, ಹೆಂಡತಿಯ ಚೀಲದಿಂದ ಹಲ್ಲು ತುಂಬುವ ಸಿಮೆಂಟು ಕದ್ದು ಮೆತ್ತಿದರು! ಬಚ್ಚಲಿನ ತೊಟ್ಟಿಯಲ್ಲಿ ಪರೀಕ್ಷೆಗೆ ಬಿಟ್ಟರೆ ದೋಣಿ ಛಂಗನೆ ಹಾರಿ, ಒಗೆದಿಟ್ಟ ಬಿಳಿ ಕೋಟುಗಳ ಬಕೆಟ್ಟಿಗೆ ಬಿದ್ದು ಗ್ರೀಸು ಕಕ್ಕಿತು.

ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಹೆಂಡತಿಯ ಫೋನು. "ಸಿಮೆಂಟೆಲ್ರೀ? ಪೇಶಂಟು ಬಾಯಿ ತೆರ್ಕೊಂಡು ಕೂತಿದ್ದಾರೆ!"

"ವಿಜ್ಞಾನಕ್ಕೆ ಅರ್ಪಣೆ ಆಯ್ತು."

"ನನ್ನ ಕೋಟುಗಳಾದ್ರೂ ಒಣಗಿದ್ವಾ?"

"ಅವೂ... ಅರ್ಪಣೆ."

ಭಾನುವಾರ ಆಕೆಯೂ ಕೊಳಕ್ಕೆ ಬಂದರು. "ನನ್ನ ಸಿಮೆಂಟು ಎಲ್ಲಿ ಮುಳುಗತ್ತೆ ಅಂತ ಕಣ್ಣಾರೆ ನೋಡ್ಬೇಕು!"

ಸೀಟಿ ಮೊಳಗಿತು. ದೋಣಿ ನುಗ್ಗಿತು! ಎಲ್ಲರಿಗಿಂತ ಮುಂದೆ! ತಿರುವನ್ನೂ ದಾಟಿತು! ಈಗ ಇವರತ್ತಲೇ ಮೂತಿ ಮಾಡಿ ಬರುತ್ತಿದೆ. ದಂಡೆ ಹತ್ತಿರ, ಇನ್ನೂ ಹತ್ತಿರ! ಯಜಮಾನರು ಎಡಕ್ಕೆ ಒತ್ತಿದರೆ ಹಾಳಾದ್ದು ಬಲಕ್ಕೆ ವಾಲುತ್ತದೆ!

"ಕೊಡ್ರೀ ಇಲ್ಲಿ!" ಹೆಂಡತಿ ರಿಮೋಟು ಕಿತ್ತುಕೊಂಡು ಒಂದೇ ಬೆರಳು ಆಡಿಸಿದರು. ದೋಣಿ ದಂಡೆಯ ಹುಲ್ಲು ಸವರಿ, ಸರ್ರನೆ ಹೊರಳಿ ಗೆರೆ ದಾಟಿತು. ಮೊದಲ ಸ್ಥಾನ!

"ಅದ್ಹೇಗೆ ಮಾಡ್ದೆ?" ಯಜಮಾನರ ಬಾಯಿ ತೆರೆದೇ ಇತ್ತು.

"ದೋಣಿ ನಮ್ಮ ಕಡೆ ಮುಖ ಮಾಡಿದ್ರೆ ಅದರ ಎಡ ನಮ್ಮ ಬಲ ಅಲ್ವೇನ್ರೀ? ದಿನಾ ಪುಟ್ಟ ಕನ್ನಡಿಯಲ್ಲಿ ಉಲ್ಟಾ ನೋಡ್ಕೊಂಡೇ ಹಲ್ಲು ಕೊರೆಯೋಳು ನಾನು!"

ಕಾರ್ಯದರ್ಶಿಗಳು ಟ್ರೋಫಿ ಹಿಡಿದು ಓಡಿಬಂದರು. "ದೋಣಿ ಎಷ್ಟು ಚೆನ್ನಾಗಿ ಮಾತು ಕೇಳ್ತು! ದೋಷ ಎಲ್ಲಿತ್ತು ಸಾರ್?"

ಯಜಮಾನರು ಎದೆಯುಬ್ಬಿಸಿದರು. "ಅದೇನಾಯ್ತೂಂದ್ರೆ, ಒಂದು ಸ್ಕ್ರೂ..."

"ದೋಣಿಗೇನೂ ಆಗಿರ್ಲಿಲ್ಲ," ಎಂದರು ಹೆಂಡತಿ, ಟ್ರೋಫಿಗೆ ಕೈ ಚಾಚುತ್ತಾ. "ಇವ್ರು ಒಂದು ತಿಂಗಳಿಂದ ಪಕ್ಕದ ಹಲ್ಲು ಕೀಳ್ತಾ ಇದ್ರು!"