ವಿಂಚ್ ಗಾಡಿಯೂ ಗೌಡರ ಜೋಡೆತ್ತೂ

ಪೀಣ್ಯದ ಫ್ಯಾಕ್ಟರಿಗಳ ಕಡೆ ಕೆಲಸ ಮಾಡಿದವರು ನಗೋದಕ್ಕೆ ನಾಟಕ ನೋಡಬೇಕಾಗಿರಲಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಏನಾದರೊಂದು ಆಗ್ತಲೇ ಇರ್ತಿತ್ತು. ಬೇರೆಯವರಿಗೆ ಆದಾಗ ನಾವು ನಗ್ತಿದ್ವಿ, ನಮಗೆ ಆದಾಗ ನಮ್ಮ ಶೆಡ್ ಇದ್ದ ಇಡೀ ರಾಜಗೋಪಾಲನಗರ ನಗ್ತಿತ್ತು. ಎಂಬತ್ತರ ದಶಕದ ಶುರುವಿನ ಆ ಒಂದು ವರ್ಷವಂತೂ ನಗೋ ಸರದಿ ಪೂರ್ತಿ ಊರಿನವರದೇ.

ನಂದು ಮತ್ತು ನನ್ನ ಅಕ್ಕನ ಗಂಡಂದು ಸೇರಿ ಒಂದು ವೆಲ್ಡಿಂಗ್ ಶೆಡ್ ಇತ್ತು. ಜಾಗ, ಶೆಡ್ಡು, ಕರೆಂಟು ಎಲ್ಲಾ ಗೌಡರದು. ಗೌಡರು ಆ ಊರಿನ ಹಳೇ ಒಕ್ಕಲು. ಸುತ್ತ ಫ್ಯಾಕ್ಟರಿ ಎದ್ದರೂ ಶೆಡ್ಡಿನ ಹಿಂದೆ ಜೋಡೆತ್ತು ಕಟ್ಟಿಕೊಂಡು ರಾಗಿ ಬೆಳೀತಿದ್ದೋರು. ಆ ಮಳೆಗಾಲದಲ್ಲಿ ಬಂದು, "ನಮ್ ಅಳಿಯ ಇಟ್ಟಿನ ಗಿರಣಿ ಆಕ್ತಾನಂತೆ ಕಣಪ್ಪಾ. ದೀಪಾವಳಿ ಒಳಗೆ ಶೆಡ್ ಬಿಟ್ಕೊಡಿ. ಬ್ಯಾಸರ ಮಾಡ್ಕಬ್ಯಾಡಿ" ಅಂದ್ರು. ಅವರೇ ಅಷ್ಟು ಬೇಸರದಲ್ಲಿ ಹೇಳಿದ ಮೇಲೆ ನಾವು ಜಗಳ ಆಡೋದು ಹೇಗೆ?

ಬೇರೆ ಶೆಡ್ ಸಿಗಬಹುದಿತ್ತು. ವೆಲ್ಡಿಂಗ್ ಮೆಷಿನ್ ಓಡಿಸೋವಂಥ ಕರೆಂಟ್ ಕನೆಕ್ಷನ್ ಸಿಗಬೇಕಾದರೆ ಮಾತ್ರ ಆಗ ವರ್ಷಗಟ್ಟಲೆ ಕಾಯಬೇಕಿತ್ತು. ಶೆಡ್ ಹೋದರೆ ನಮ್ಮೆರಡೂ ಮನೆ ಒಲೆ ಆರಿದ ಹಾಗೇ. ಅಕ್ಕ ರಾತ್ರಿ ಊಟಕ್ಕೆ ಬಡಿಸುವಾಗ ಅಕ್ಕಿ ಎಷ್ಟು ದಿನ ಬರುತ್ತೆ ಅಂತ ಲೆಕ್ಕ ಹಾಕ್ತಿದ್ದಳು. ಭಾವ ಮಾತ್ರ ಗುಜರಿಗೆ ಹೋಗಿ ಒಂದು ವಿಂಚ್ ತಂದರು. ಉಕ್ಕಿನ ಹಗ್ಗ ಸುತ್ತಿದ ದೊಡ್ಡ ಉರುಳೆ, ತುದಿಯಲ್ಲಿ ಕೊಕ್ಕೆ.

"ನಮ್ಮ ಪಿಕಪ್ ಗಾಡಿ ಮುಂದೆ ಇದನ್ನ ಕೂರಿಸೋಣ ಕಣೋ. ಕೆಸರಲ್ಲಿ ಸಿಕ್ಕೊಂಡ ಲಾರಿಗಳನ್ನೆಲ್ಲ ಎಳೆಯೋಣ. ಶೆಡ್ ಹೋದ್ರೂ ಗಾಡಿ ಮೇಲೆ ಹೊಟ್ಟೆ ಹೊರ್ಕೋಬಹುದು" ಅಂದ್ರು.

೧. ಹ್ಯಾಂಡ್ಲು ಹಾಕೋ ತೂತು

ಬರೀ ಬಂಪರ್ ಮೇಲೆ ಕೂರಿಸಿದರೆ ಲಾರಿ ಬರೋ ಬದಲು ಬಂಪರೇ ಕಿತ್ತು ಬರುತ್ತೆ. ಅದಕ್ಕೆ ಗಾಡಿ ಅಡಿಯ ಛಾಸಿಗೆ ದಪ್ಪ ಕಬ್ಬಿಣದ ಚಾನಲ್ ತೊಲೆ ಕೊಟ್ಟು, ಅದರ ಮೇಲೆ ವಿಂಚ್ ಇಟ್ಟು, ಭಾವ ಎಂಥಾ ವೆಲ್ಡಿಂಗ್ ಮಾಡಿದರು ಅಂದ್ರೆ ನೋಡಿದೋರು ತಟ್ಟಿ ತಟ್ಟಿ ನೋಡ್ತಿದ್ರು. ಗಾಡಿಯ ಮೂತಿ ಸ್ವಲ್ಪ ತಗ್ಗಿತು. ಗೌಡರ ಹೆಂಡತಿ ಹಾಲು ತರ್ತಾ ನಿಂತು, "ಅದ್ಯಾಕಪ್ಪಾ ತಲೆ ಬಗ್ಗಿಸ್ಕಂಡದೆ, ಯಾರು ಬೈದ್ರು ಅದಕ್ಕೆ?" ಅಂತ ಕೇಳಿದರು.

ಮಾರನೇ ದಿನ ಗಾಡಿ ಸ್ಟಾರ್ಟ್ ಮಾಡೋಕೆ ಹೋದಾಗ ಗೊತ್ತಾಯ್ತು. ನಮ್ಮ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ದಿನಾ ಗಾಡಿ ಮುಂದಿನ ತೂತಿಗೆ ಹ್ಯಾಂಡ್ಲು ತೂರಿಸಿ, ತಿರುಗಿಸಿಯೇ ಇಂಜಿನ್ ಎಬ್ಬಿಸ್ತಿದ್ವಿ. ಈಗ ಆ ತೂತಿಗೆ ಸರಿಯಾಗಿ ವಿಂಚ್ ಕೂತಿದೆ. ವಿಂಚ್ ತಿರುಗಬೇಕಾದರೆ ಇಂಜಿನ್ ಓಡಬೇಕು, ಇಂಜಿನ್ ಓಡಬೇಕಾದರೆ ಹ್ಯಾಂಡ್ಲು ಹಾಕಬೇಕು, ಹ್ಯಾಂಡ್ಲು ಹಾಕೋಕೆ ವಿಂಚ್ ಬಿಡಲ್ಲ.

"ಕತ್ತರಿಸಿ ಸ್ವಲ್ಪ ಮೇಲೆ ಕೂರಿಸೋಣ ಭಾವ" ಅಂದೆ.

"ನಾನು ಮಾಡಿದ ವೆಲ್ಡಿಂಗ್ ನಾನೇ ಕತ್ತರಿಸಲ್ಲ" ಅಂತ ಭಾವ ಬೀಡಿ ಹಚ್ಚಿಕೊಂಡು ಕೂತರು.

ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ಆ ಭಾರಕ್ಕೆ ಗಾಡಿ ಅಲ್ಲಾಡಲಿಲ್ಲ. ಬೇಲಿ ಆಚೆಯಿಂದ ಎಲ್ಲಾ ನೋಡ್ತಿದ್ದ ಗೌಡರು ಎತ್ತು ಹೊಡ್ಕೊಂಡು ಬಂದರು. ವಿಂಚಿನ ಕೊಕ್ಕೆ ಎಳೆದು ನೊಗಕ್ಕೆ ಸಿಕ್ಕಿಸಿದರು. ಎತ್ತು ನಾಲ್ಕು ಹೆಜ್ಜೆ ಇಟ್ಟವೋ ಇಲ್ಲವೋ, ಭಾವ ಕ್ಲಚ್ ಬಿಟ್ಟರು, ಇಂಜಿನ್ ಗುರ್ ಅಂತು.

"ಪರವಾಗಿಲ್ಲ ಕಣಪ್ಪಾ, ಕೆಲಸಕ್ಕೆ ಬತ್ತದೆ" ಅಂದ್ರು ಗೌಡರು. "ಎತ್ತು ಕಟ್ಟಕ್ಕೆ ಒಳ್ಳೇ ಕೊಕ್ಕೆ ಮಾಡ್ಸಿದ್ದೀರಿ."

ಅವತ್ತಿಂದ ದಿನಾ ಬೆಳಿಗ್ಗೆ ಅದೇ ಆಯ್ತು. ಖಾಲಿ ಮಾಡಿ ಅಂದವರ ಎತ್ತೇ ಬಂದು ನಮ್ಮ ಗಾಡಿ ಎಬ್ಬಿಸೋದು. ಈಗ ನೆನೆಸಿಕೊಂಡರೂ ಕೈ ಮುಗಿಯೋಣ ಅನ್ಸುತ್ತೆ.

೨. ಯಾರು ಯಾರ ಹತ್ತಿರ ಬರಬೇಕು

ಮೊದಲನೇ ಕೆಲಸ ದಾಸರಹಳ್ಳಿ ಹತ್ತಿರ ಸಿಕ್ತು. ಮರಳು ತುಂಬಿದ ಲಾರಿಯ ಹಿಂದಿನ ಚಕ್ರ ಚರಂಡಿಗೆ ಇಳಿದಿತ್ತು. ನೋಡೋಕೆ ಶಿಫ್ಟ್ ಬಿಟ್ಟು ಬರ್ತಿದ್ದ ಜನವೆಲ್ಲ ಸೈಕಲ್ ನಿಲ್ಲಿಸಿಕೊಂಡು ನಿಂತರು. ಭಾವ ಶರ್ಟಿನ ಕಾಲರ್ ಸರಿಮಾಡಿಕೊಂಡು, ಹಗ್ಗ ಎಳೆದು, ಲಾರಿಗೆ ಕೊಕ್ಕೆ ಹಾಕಿ, "ಎಲ್ಲಾ ದೂರ ನಿಲ್ರಪ್ಪಾ" ಅಂತ ಗತ್ತಿನಲ್ಲಿ ಹೇಳಿ ವಿಂಚ್ ತಿರುಗಿಸಿದರು.

ಹಗ್ಗ ಬಿಗೀತು. ಲಾರಿ ಇದ್ದಲ್ಲೇ ಇತ್ತು. ನಮ್ಮ ಗಾಡಿ ಮಾತ್ರ ಬ್ರೇಕ್ ಹಾಕಿದ್ದರೂ ಕೆಸರಲ್ಲಿ ಮೆಲ್ಲಗೆ ಜಾರಿಕೊಂಡು ಲಾರಿ ಕಡೆಗೇ ಹೊರಟಿತು. ಭಾವ ಸ್ಟೀರಿಂಗ್ ಹಿಡ್ಕೊಂಡು ಮುಖ ಗಂಭೀರ ಮಾಡಿಕೊಂಡೇ ಕೂತಿದ್ದರು. ಕೊನೆಗೆ ನಮ್ಮ ಗಾಡಿ ಲಾರಿಯ ಮೂತಿಗೆ ಮೂತಿ ಇಟ್ಟು ನಿಂತುಕೊಳ್ತು.

ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ಅಣ್ಣ, ನಾನು ನಿಮ್ಮ ಹತ್ರ ಬರಬೇಕಿತ್ತಾ, ನೀವು ನನ್ನ ಹತ್ರ ಬರಬೇಕಿತ್ತಾ?"

ಎಳೆಯೋ ಗಾಡಿಯನ್ನ ಮೊದಲು ಹಿಂದಿನಿಂದ ಗಟ್ಟಿಯಾಗಿ ಏನಕ್ಕಾದರೂ ಕಟ್ಟಬೇಕು ಅನ್ನೋದು ಅವತ್ತು ಕಲಿತದ್ದು. ಹಿಂದಿದ್ದ ಹುಣಸೇಮರಕ್ಕೆ ಸರಪಳಿ ಬಿಗಿದ ಮೇಲೆ ಲಾರಿ ಬಂತು.

೩. ಯಾವ ಇಂಜಿನ್ನಿಗೆ ಆರತಿ

ಆಯುಧಪೂಜೆ ಬಂತು. ಆ ಶೆಡ್ಡಲ್ಲಿ ನಮ್ಮ ಕೊನೇ ಪೂಜೆ ಅಂತ ಅಕ್ಕ ಮನಸ್ಸಿಟ್ಟು ಎಲ್ಲಾ ಮಾಡಿದಳು. ವೆಲ್ಡಿಂಗ್ ಮೆಷಿನ್‌ಗೆ ಕುಂಕುಮ, ಗಾಡಿಗೆ ಬಾಳೆಕಂದು, ವಿಂಚಿಗೆ ಚೆಂಡುಹೂವಿನ ಹಾರ. ಪೂಜಾರಪ್ಪ ಕುಂಬಳಕಾಯಿ ಒಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿ, "ಹೂಂ, ಸ್ಟಾರ್ಟ್ ಮಾಡಿ ಮುಂದೆ ತಗೊಳ್ಳಿ" ಅಂದ್ರು.

ಎಲ್ಲರೂ ಬೇಲಿ ಕಡೆ ತಿರುಗಿದೆವು. ಗೌಡರು ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ರೆಡಿ ಮಾಡ್ಕೊಂಡೇ ನಿಂತಿದ್ದರು. ಎತ್ತು ಬಂದವು, ಕೊಕ್ಕೆ ನೊಗಕ್ಕೆ ಬಿತ್ತು.

ಪೂಜಾರಪ್ಪ ಆರತಿ ತಟ್ಟೆ ಹಿಡ್ಕೊಂಡು ಒಂದ್ಸಲ ಗಾಡಿ ನೋಡಿದರು, ಒಂದ್ಸಲ ಎತ್ತು ನೋಡಿದರು. "ಇದರಲ್ಲಿ ಇಂಜಿನ್ ಯಾವುದು ಅಂತ ಹೇಳಿಬಿಡಿ ಸ್ವಾಮಿ. ನಾನು ಅದಕ್ಕೇ ಆರತಿ ಮಾಡ್ತೀನಿ."

೪. ಗೌಡರಪ್ಪ ನೆಟ್ಟ ಕಲ್ಲುಗಂಬ

ನಿಂಬೆಹಣ್ಣು ಪಚಕ್ ಅಂದು ಇಂಜಿನ್ ಎದ್ದಿತ್ತು, ಇನ್ನೂ ಆರಿಸಿರಲಿಲ್ಲ. ಅಷ್ಟರಲ್ಲಿ ಒಂದು ಲಾರಿ ಬಂತು. ಅದರ ಮೇಲೆ ಹೊಚ್ಚ ಹೊಸ ಗಿರಣಿ ಮೆಷಿನ್, ಡ್ರೈವರ್ ಪಕ್ಕದಲ್ಲಿ ಗೌಡರ ಅಳಿಯ. ಒಳ್ಳೇ ದಿನ ಅಂತ ಮೆಷಿನ್ ಅವತ್ತೇ ತಂದಿದ್ದ. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು. ಶೆಡ್ಡಿನ ಎದುರಿಗೇ ಲಾರಿ ಹೂತುಕೊಂಡಿತು.

ಗೌಡರು ಎತ್ತು ಕಟ್ಟಿದರು. ಎತ್ತು ಮಂಡಿಯೂರಿದವೇ ಹೊರತು ಲಾರಿ ಬರಲಿಲ್ಲ. ಗೌಡರು ನಮ್ಮ ಕಡೆ ನೋಡಿದರು, ಬಾಯಿ ಬಿಟ್ಟು ಕೇಳಲಿಲ್ಲ. ನಮ್ಮನ್ನ ಶೆಡ್ಡಿಂದ ಎಬ್ಬಿಸೋ ಮೆಷಿನ್ ನಾವೇ ಎಳೆದು ತರಬೇಕಲ್ಲ ಅಂತ ನಾನೂ ಭಾವನೂ ಮುಖ ಮುಖ ನೋಡ್ಕೊಂಡ್ವಿ.

ಅಕ್ಕ ಹಿಂದಿನಿಂದ ಅಂದಳು: "ದಿನಾ ಬೆಳಿಗ್ಗೆ ಎತ್ತು ಕಳಿಸಿದೋರು ಕಣ್ರೀ ಅವರು. ಹೋಗಿ ಎಳೀರಿ."

ಹೋದೆವು. ಲಾರಿಗೆ ಕೊಕ್ಕೆ ಹಾಕಿದ್ದಾಯ್ತು. ಹಿಂದೆ ಕಟ್ಟೋಕೆ ಅಲ್ಲಿ ಮರ ಇರಲಿಲ್ಲ. ಶೆಡ್ಡಿನ ಮುಂದಿನ ಸೂರು ಹೊತ್ತ ಕಲ್ಲುಗಂಬ ಒಂದೇ ಇದ್ದದ್ದು.

"ಅದು ಬೇಡ ಗೌಡ್ರೇ" ಅಂದ್ರು ಭಾವ.

"ನಮ್ಮಪ್ಪ ನೆಟ್ಟಿದ್ದು ಕಣಪ್ಪಾ ಅದು. ಆನೆ ಕಟ್ಟಿದ್ರೂ ಅಲ್ಲಾಡಾಕಿಲ್ಲ" ಅಂತ ಗೌಡರೇ ಸರಪಳಿ ತಗೊಂಡು, ಕೈಯಾರೆ ಕಂಬಕ್ಕೆ ಬಿಗಿದರು.

ವಿಂಚ್ ತಿರುಗಿತು. ಹಗ್ಗ ಬಿಗೀತು. ಲಾರಿ ಚಕ್ರ ಕೆಸರಿಂದ ಮೇಲೆದ್ದು ಗಟ್ಟಿ ನೆಲಕ್ಕೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಹಿಂದೆ ಧಡಾರ್ ಅಂತು. ತಿರುಗಿ ನೋಡಿದರೆ ಕಂಬ ಅಡ್ಡ ಬಿದ್ದಿದೆ, ಅದರ ಮೇಲೆ ಶೆಡ್ಡಿನ ಮುಂದಿನ ಶೀಟುಗಳೆಲ್ಲ ಒಂದರ ಮೇಲೊಂದು ಕೂತಿವೆ. ಲಾರಿಯೂ ಬಂತು, ಶೆಡ್ಡೂ ಬಂತು. ಆ ಸದ್ದಿಗೆ ಬೆದರಿ ಭಾವ ಕ್ಲಚ್ ಮೇಲಿಂದ ಕಾಲೆತ್ತಿದರು, ಇಂಜಿನ್ನೂ ಆರಿಹೋಯ್ತು.

ಮೊದಲು ಮಾತಾಡಿದ್ದು ಅಳಿಯ. ಅವನ ಮುಖ ಬಿಳಿಚಿಕೊಂಡಿತ್ತು. "ಮಾವ, ಆಯುಧಪೂಜೆ ದಿನ ನಾನು ಬಂದ ತಕ್ಷಣ ಕಂಬ ಬಿತ್ತು. ಈ ಜಾಗ ನಂಗೆ ಬ್ಯಾಡ. ದಾಸರಹಳ್ಳೀಲಿ ನಮ್ಮಣ್ಣಂದು ಮಳಿಗೆ ಖಾಲಿ ಅದೆ, ಅಲ್ಲೇ ಗಿರಣಿ ಆಕ್ತೀನಿ." ಗೌಡರು ಎಷ್ಟು ಹೇಳಿದರೂ ಅವನು ಲಾರಿಯಿಂದ ಇಳಿಯಲೇ ಇಲ್ಲ. ಲಾರಿ ತಿರುಗಿಸಿಕೊಂಡು ಹೋಗೇಬಿಟ್ಟ.

ನಾವು ತಲೆ ತಗ್ಗಿಸಿ ನಿಂತಿದ್ವಿ. ಗೌಡರು ಬಿದ್ದ ಕಂಬದ ಸುತ್ತ ಒಂದು ಸುತ್ತು ಬಂದರು. ಅಪ್ಪ ನೆಟ್ಟ ಗುಂಡಿ ಬಗ್ಗಿ ನೋಡಿದರು. ಆಮೇಲೆ ನಮ್ಮ ಗಾಡಿ ಹತ್ತಿರ ಬಂದು, ವಿಂಚಿನ ಮೇಲೆ ಜೋತಾಡ್ತಿದ್ದ ಚೆಂಡುಹೂವಿನ ಹಾರ ಸರಿಮಾಡಿ, ಸರಪಳಿ ಬಿಚ್ಚಿ ಭಾವನ ಕೈಗೆ ಕೊಟ್ಟರು. ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಳ್ತಿದ್ದಳು.

"ಇಂಜಿನ್ ಆರೋಯ್ತಲ್ಲಪ್ಪಾ" ಅಂದ್ರು ಗೌಡರು. "ನಾಳೆ ಬೆಳಿಗ್ಗೆ ಎತ್ತು ಎಷ್ಟೊತ್ತಿಗೆ ಒಡ್ಕಂಡ್ ಬರ್ಲಿ?"