ಕೆಂಪು ನಲ್ಲಿ ಮತ್ತು ಒಲಿಂಡಾಬಾಯಿಯ ಕರಿಬೇವು

ಇಡೀ ಸೃಷ್ಟಿಯನ್ನು ಕಾಯುವ ಹೊಣೆಯನ್ನು ದೇವರು ಮನುಷ್ಯನ ಕೈಗೆ ಒಪ್ಪಿಸಿದನೆಂಬುದು ನಮ್ಮೆಲ್ಲರ ನಂಬಿಕೆ. ಆದರೆ ಆ ಸೃಷ್ಟಿಯಲ್ಲಿ ಒಂದೇ ಒಂದು ಕರಿಬೇವಿನ ಗಿಡವನ್ನು ಡೋಲ್ಫಿಯವರ ಕೈಗೆ ಒಪ್ಪಿಸಲು ಅವರ ಧರ್ಮಪತ್ನಿ ಒಲಿಂಡಾಬಾಯಿ ಹದಿಮೂರು ವರ್ಷ ಒಪ್ಪಿರಲಿಲ್ಲ. ಡೋಲ್ಫಿಯವರ ಸಂಸಾರದಲ್ಲಿ ಕೊರಗು ಎಂಬುದಿದ್ದರೆ ಅದೊಂದೇ.

ಡೋಲ್ಫಿಯವರೇನು ಸಾಮಾನ್ಯರಲ್ಲ. ಕುವೈತಿನ ಸಬ್ಹಾನ್‌ನ ಗೋದಾಮೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಸ್ಟೋರ್‌ಕೀಪರ್. ಮೈದಾನ್ ಹವಲ್ಲಿಯ ನಮ್ಮವರ ಪ್ರಾರ್ಥನಾ ಕೂಟದಲ್ಲಿ ಪ್ರತಿ ಶುಕ್ರವಾರದ ಪ್ರವಚನಕಾರರು. ಆ ಸೆಪ್ಟೆಂಬರಿನಲ್ಲಿ ಇಗರ್ಜಿಯ ಗುರುಗಳು, ನೀರು, ಗಾಳಿ, ಗಿಡಮರಗಳೆಲ್ಲ ದೇವರು ನಮ್ಮಲ್ಲಿ ಇಟ್ಟ ಅಡವು ಎಂದು ಹದಿನೈದು ನಿಮಿಷ ಪ್ರಸಂಗ ಮಾಡಿದರು. ಉಳಿದವರು ಅದನ್ನು ಕೇಳಿ, ಮೆಚ್ಚಿ, ಬಿಸಿಲಿಗೆ ಹೆದರಿ ತಂತಮ್ಮ ಕಾರುಗಳ ಕಡೆಗೆ ಓಡಿದರು. ಡೋಲ್ಫಿಯವರು ಮಾತ್ರ ಆ ಪ್ರಸಂಗವನ್ನು ಮನೆಗೆ ತಂದರು.

ಮರುದಿನದಿಂದ ಮನೆಯಲ್ಲಿ ಹೊಸ ಯುಗ ಆರಂಭವಾಯಿತು. ಗೋದಾಮಿನ ಚಹಾಕ್ಕೆ ಕಾಗದದ ಲೋಟ ನಿಷಿದ್ಧವಾಗಿ, ಸ್ಟೀಲ್ ಲೋಟವೊಂದು ಡೋಲ್ಫಿಯವರ ಪ್ಯಾಂಟಿನ ಜೇಬಿನಲ್ಲಿ ಪ್ರಯಾಣಿಸತೊಡಗಿತು (ಆ ಜೇಬು ಉಬ್ಬಿದ್ದನ್ನು ಕಂಡು ಗೇಟಿನ ಕಾವಲುಗಾರ ಮೂರು ದಿನ ತಪಾಸಣೆ ಮಾಡಿದ). ಕೆಳಗಿನ ಬಕಾಲದಂಗಡಿಗೆ ಹೋದರೆ ಪ್ಲಾಸ್ಟಿಕ್ ಚೀಲ ಬೇಡವೆಂದು ಎರಡು ಟೊಮೆಟೊ, ಒಂದು ಮೊಸರು, ಆರು ಮೊಟ್ಟೆಗಳನ್ನು ಎದೆಗವಚಿಕೊಂಡು ಆರನೆಯ ಮಹಡಿಗೆ ತರುತ್ತಿದ್ದರು; ಮೊಟ್ಟೆಗಳು ಕೆಲವೊಮ್ಮೆ ಐದಾಗಿ ತಲುಪುತ್ತಿದ್ದವು. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಡಲಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಸುಂದರ ಅಕ್ಷರಗಳಲ್ಲಿ ಬರೆದ ಆದೇಶಗಳು ಗೋಡೆಗೋಡೆಗೆ ಅಂಟಿಕೊಂಡವು. ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಾದದ್ದು ಗೀಸರಿನ ಸ್ವಿಚ್ಚಿನ ಮೇಲಿತ್ತು: ‘ಡಿಸೆಂಬರ್ ಎಂಟರ ಮಾತೆಯ ಹಬ್ಬದವರೆಗೆ ಈ ಸ್ವಿಚ್ಚನ್ನು ಮುಟ್ಟುವುದು ಸೃಷ್ಟಿಕರ್ತನಿಗೆ ಬಗೆಯುವ ದ್ರೋಹ.’

ಊರಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕುವೈತಿನ ಬೇಸಗೆಯಲ್ಲಿ ತಾರಸಿಯ ಮೇಲಿನ ಟ್ಯಾಂಕಿಯ ನೀರು ಬಿಸಿಲಿಗೆ ಕಾದು, ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆದ್ದರಿಂದ ಎಲ್ಲರೂ ಗೀಸರನ್ನು ಆರಿಸಿಬಿಡುತ್ತಾರೆ. ಮನೆಯೊಳಗೆ ನೆರಳಿನಲ್ಲಿರುವ ಆ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿ, ಬಿಸಿನೀರಿನ ಕೆಂಪು ನಲ್ಲಿಯಿಂದ ಬರುತ್ತದೆ. ಹೀಗೆ ಏಳು ತಿಂಗಳು ಇಲ್ಲಿ ಕೆಂಪೇ ತಂಪು, ನೀಲಿಯೇ ಬೆಂಕಿ. ಕೈಗೆ ಈ ವಿದ್ಯೆ ಎಷ್ಟು ಅಭ್ಯಾಸವಾಗುತ್ತದೆಂದರೆ, ರಜೆಯಲ್ಲಿ ಊರಿಗೆ ಹೋದವರು ಮಾವನ ಮನೆಯ ಬಚ್ಚಲಿನಲ್ಲಿ ಬೆನ್ನು ಸುಟ್ಟುಕೊಂಡು ಬಂದ ಉದಾಹರಣೆಗಳಿವೆ.

ಇನ್ನು ಕರಿಬೇವಿನ ಗಿಡ. ಅಡುಗೆಮನೆಯ ಕಿಟಕಿಯ ಬಳಿ, ಪೈಂಟಿನ ಹಳೆಯ ಡಬ್ಬಿಯಲ್ಲಿ, ಎದೆಯೆತ್ತರಕ್ಕೆ ಬೆಳೆದು ನಿಂತಿತ್ತು. ಮಗಳು ಶರ್ಲಿನ್ ಮೂರು ವರ್ಷದವಳಿದ್ದಾಗ ಒಲಿಂಡಾಬಾಯಿ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಬೇರು ಅದು. ಕೊರೋನಾದ ಕಾಲದಲ್ಲಿ ಅಂಗಡಿಗಳಲ್ಲಿ ಸೊಪ್ಪು ಕಾಣದಿದ್ದಾಗ ಆ ಕಟ್ಟಡದ ಹನ್ನೊಂದು ಮನೆಗಳ ಒಗ್ಗರಣೆಯನ್ನು ಕಾಪಾಡಿದ್ದು ಆ ಗಿಡವೇ. ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆ ದುಡಿದು ಬಂದ ದಾದಿ ಒಲಿಂಡಾಬಾಯಿ ಬಟ್ಟೆ ಬದಲಿಸುವ ಮೊದಲು ಅದರ ಎಲೆಯನ್ನೊಮ್ಮೆ ಮುಟ್ಟುತ್ತಿದ್ದರು.

ನವೆಂಬರಿನಲ್ಲಿ ಅಣ್ಣನ ಮಗಳ ಮದುವೆ ಬಂತು. ಒಲಿಂಡಾಬಾಯಿ ಮೂರು ವಾರ ತವರೂರು ಶಿರ್ವಕ್ಕೆ ಹೊರಟರು. ಶರ್ಲಿನ್‌ಗೆ ಪರೀಕ್ಷೆಯ ವರ್ಷ. ಗಿಡವನ್ನು ಡೋಲ್ಫಿಯವರಿಗೆ ಒಪ್ಪಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ.

“ದಿನಕ್ಕೆ ಒಂದು ಮಗ್ ನೀರು,” ಎಂದರು ಒಲಿಂಡಾಬಾಯಿ, ಸೂಟ್‌ಕೇಸಿನ ಮೇಲೆ ಕುಳಿತು ಬೀಗ ಹಾಕುತ್ತಾ. “ಅಷ್ಟೇ. ಮತ್ತೆ ಎಂತದೂ ಮಾಡ್ಲಿಕ್ಕಿಲ್ಲ.”

“ಗಿಡಕ್ಕೆ ಎಂತ ಬೇಕು ಅಂತ ಸ್ವಲ್ಪ ಓದಿ ತಿಳ್ಕೊಂಡ್ರೆ ತಪ್ಪುಂಟಾ?”

“ಅದಕ್ಕೆ ಬೇಕಾದ್ದು ನೀರು. ನೀವು ಕಲಿಯಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಹಿಂದೆ ಹೊಲಿಗೆ ಮಿಷನ್ ಕಲಿಯಲಿಕ್ಕೆ ಹೊರಟದ್ದು ನೆನಪುಂಟಲ್ಲ?”

(ಆ ಮಿಷನ್ ಈಗಲೂ ನಾಲ್ಕು ಭಾಗಗಳಾಗಿ ಮಂಚದಡಿಯಲ್ಲಿದೆ.)

ಆದರೆ ಜ್ಞಾನದ ಹಸಿವು ಹೆಂಡತಿಯ ಅಪ್ಪಣೆಗೆ ಬಗ್ಗುವಂಥದ್ದಲ್ಲ. ಗಿಡ ತಮ್ಮ ಪಾಲಿಗೆ ಬರಲಿದೆಯೆಂದು ಅಕ್ಟೋಬರಿನಲ್ಲಿ ತಿಳಿದಂದೇ ಡೋಲ್ಫಿಯವರು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಕೊಂಡು, ಮೊದಲ ಪುಟದಲ್ಲಿ ಶಿಲುಬೆಯ ಗುರುತು ಹಾಕಿ, ‘ಸಸ್ಯಪಾಲನೆ’ ಎಂದು ಬರೆದಿದ್ದರು. ಗೋದಾಮಿನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಪಾಠ ಕೇಳಿದರು. ಏಸಿಯ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರವಿಲ್ಲವೆಂದು ಕಲಿತರು. ಅಕ್ಕಿ ತೊಳೆದ ನೀರಿನ ಮಹಿಮೆಯನ್ನು ಕಲಿತರು. ಮೊಟ್ಟೆಯ ಸಿಪ್ಪೆಯನ್ನು ಒಣಗಿಸಿ ಕುಟ್ಟಿದರು. ಬಂಗುಡೆ ತೊಳೆದ ನೀರನ್ನು ಹಾಕಿದ ದಿನ ಶರ್ಲಿನ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓದಿದಳು. “ಡ್ಯಾಡಿ, ಪ್ಲೀಸ್, ಜಸ್ಟ್ ಗಿವ್ ಇಟ್ ವಾಟರ್,” ಎಂದು ಅವಳು ಹೇಳಿದ್ದನ್ನು ಅವರು, ಈ ಕಾಲದ ಮಕ್ಕಳಲ್ಲಿ ಕುತೂಹಲವೇ ಇಲ್ಲವೆಂದು ನೋಟುಪುಸ್ತಕದ ಅಂಚಿನಲ್ಲಿ ದಾಖಲಿಸಿದರು.

ಎರಡನೆಯ ವಾರ ಮರಳುಗಾಳಿ ಬೀಸಿ ಎಲೆಗಳ ಮೇಲೆ ಧೂಳು ಕುಳಿತಿತು. ಧೂಳು ಕುಳಿತ ಎಲೆ ಉಸಿರಾಡದು ಎಂಬುದು ಹದಿನೇಳನೆಯ ಪಾಠ. ಆಗ ಡೋಲ್ಫಿಯವರು ತಮ್ಮ ಜೀವನದ ಶ್ರೇಷ್ಠ ಯಂತ್ರವನ್ನು ನಿರ್ಮಿಸಿದರು. ಅಡುಗೆಮನೆಯ ಕೆಂಪು ನಲ್ಲಿಗೆ ಬಟ್ಟೆ ಒಗೆಯುವ ಮಿಷನ್ನಿನ ಹಳೆಯ ಪೈಪು. ಪೈಪಿನ ತುದಿಗೆ ಬಿಸಾಡಬೇಕಾಗಿದ್ದ ಶವರಿನ ತಲೆ. ಅದನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಗಿಡದ ಮೇಲೆ ಸಣ್ಣ ಮಳೆ. ಡಬ್ಬಿಯ ತೂತಿನಿಂದ ಇಳಿದ ನೀರು ಕೆಳಗಿನ ದೊಡ್ಡ ಟಬ್ಬಿಗೆ, ಅಲ್ಲಿಂದ ನೆಲ ಒರೆಸಲಿಕ್ಕೆ. ಒಂದು ಹನಿಯೂ ವ್ಯರ್ಥವಿಲ್ಲ. ಅಳತೆಗೆ ಗಡಿಯಾರ ಬೇಡವಾಯಿತು: ಕೈಯಲ್ಲಿ ಜಪಸರ ಹಿಡಿದು ಹತ್ತು ಮಣಿ ದಾಟುವಷ್ಟರಲ್ಲಿ ಎರಡು ಲೀಟರ್. ದೇಹಕ್ಕೆ ದುಡಿಮೆ, ಗಿಡಕ್ಕೆ ನೀರು, ಆತ್ಮಕ್ಕೆ ಪ್ರಾರ್ಥನೆ. ಇದನ್ನು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ತಮ್ಮ ಪ್ರವಚನದಲ್ಲಿ ಸಾಕ್ಷಿಯಾಗಿ ಹೇಳುವುದೆಂದು ನಿಶ್ಚಯಿಸಿದರು. ಆ ಶುಕ್ರವಾರಕ್ಕೆ ಕೂಟದವರು ಕೊಟ್ಟ ವಿಷಯ ‘ಎಚ್ಚರ’.

ನವೆಂಬರ್ ಹದಿನೆಂಟರ ಬೆಳಿಗ್ಗೆ ಇದ್ದಕ್ಕಿದ್ದಂತೆ ಚಳಿ ಬಿತ್ತು. ಐವತ್ತಾರು ವರ್ಷದ ಡೋಲ್ಫಿಯವರ ಎರಡೂ ಮೊಣಕಾಲುಗಳು ಒಟ್ಟಿಗೆ ದೂರು ಕೊಟ್ಟವು. ಅವರು ಬಚ್ಚಲಿನ ಬಾಗಿಲಲ್ಲಿ ನಿಂತು ತಾವೇ ಬರೆದ ಆದೇಶವನ್ನು ಓದಿದರು. ಎರಡು ಬಾರಿ ಓದಿದರು. ದ್ರೋಹ ಎಂಬ ಪದ ಸ್ವಲ್ಪ ಹೆಚ್ಚಾಯಿತೇನೋ ಎಂದು ಆಗ ಅನಿಸಿತು. ಶರ್ಲಿನ್ ಇನ್ನೂ ಎದ್ದಿರಲಿಲ್ಲ. ಕಾಗದದ ಕೆಳಗೆ ಬೆರಳು ತೂರಿಸಿ, ಸದ್ದಾಗದಂತೆ ಸ್ವಿಚ್ಚನ್ನು ಒತ್ತಿದರು. ಅರ್ಧ ಗಂಟೆ ಸಾಕು, ಸ್ನಾನವಾದ ಮೇಲೆ ಆರಿಸಿದರಾಯಿತು, ಲೋಕಕ್ಕೆ ತಿಳಿಯಬೇಕಿಲ್ಲ.

ನೀರು ಕಾಯುವ ತನಕ ಗಿಡದ ಸೇವೆ ಮುಗಿಸೋಣವೆಂದು ಅಡುಗೆಮನೆಗೆ ಹೋದರು. ಅಲ್ಲಿ ಮೊದಲು ಚಹಾ ಕುಡಿದರು, ಇಪ್ಪತ್ತನೆಯ ಪಾಠ ಕೇಳಿದರು, ಟಿಪ್ಪಣಿ ಬರೆದರು. ಆಮೇಲೆ ಕೈ ತನ್ನ ಅಭ್ಯಾಸದಂತೆ ಕೆಂಪು ನಲ್ಲಿಯನ್ನು ತಿರುಗಿಸಿತು. ಎಚ್ಚರಿಕೆಯ ಮನುಷ್ಯರಾದ್ದರಿಂದ ಬೆರಳಿಟ್ಟು ನೋಡಿದರು. ತಣ್ಣಗಿತ್ತು. ಬಚ್ಚಲಿನ ಗೀಸರಿನಿಂದ ಅಡುಗೆಮನೆಯವರೆಗೆ ಉದ್ದದ ಕೊಳವೆ. ಅದರಲ್ಲಿ ನಿಂತ ನೀರು ಮೊದಲು ಬರುತ್ತದೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ಜಪಸರ ಹಿಡಿದರು.

ಅಂದು ಹತ್ತು ಮಣಿಗೆ ಮನಸ್ಸು ತೃಪ್ತವಾಗಲಿಲ್ಲ. ನವೆಂಬರ್ ತಿಂಗಳು ಅಗಲಿದವರ ತಿಂಗಳು. ತಂದೆಗಾಗಿ ಹತ್ತು ಮಣಿ, ತಾಯಿಗಾಗಿ ಹತ್ತು ಮಣಿ, ಇಲ್ಲಿನ ವಾಸದ ಪರವಾನಗಿಯಾದ ಇಕಾಮಾ ಮಾಡಿಸಿಕೊಟ್ಟು ಮೊದಲ ಕೆಲಸಕ್ಕೆ ಸೇರಿಸಿದ್ದ ಸ್ವರ್ಗಸ್ಥ ರಾನ್ಸನ್‌ಗಾಗಿ ಹತ್ತು, ಯಾರೂ ನೆನೆಯದ ಅನಾಥ ಆತ್ಮಗಳಿಗಾಗಿ ಮತ್ತೆ ಹತ್ತು. ಪ್ರಾರ್ಥನೆ ಆಳಕ್ಕೆ ಇಳಿದಂತೆ ಮುಖಕ್ಕೊಂದು ಬೆಚ್ಚನೆಯ ಹಬೆ ತಾಗಿತು. ಅದರೊಡನೆ ದಿವ್ಯವಾದ ಪರಿಮಳ. ಕೂಟದ ಹಿರಿಯರು ಹೇಳುತ್ತಿದ್ದ ಕೃಪೆಯ ಸುವಾಸನೆ ಇದೇ ಇರಬೇಕೆಂದು ಅವರ ಕಣ್ಣಂಚು ಒದ್ದೆಯಾಯಿತು. ಆ ಸುವಾಸನೆಗೂ ಬೇಳೆಸಾರಿನ ಒಗ್ಗರಣೆಗೂ ಇಷ್ಟೊಂದು ಹೋಲಿಕೆ ಏಕೆ ಎಂಬ ಸಂಶಯ ಸುಳಿದದ್ದು ಐವತ್ತನೆಯ ಮಣಿಯಲ್ಲಿ.

ಕಣ್ಣು ತೆರೆದರು. ಅಡುಗೆಮನೆಯೆಲ್ಲ ಹಬೆ. ಹದಿಮೂರು ವರ್ಷದ ಗಿಡ ಬೆಂದ ಸೊಪ್ಪಾಗಿ, ಎಲ್ಲ ಎಲೆಗಳನ್ನೂ ಕೆಳಗೆ ಬಿಟ್ಟು ನಿಂತಿತ್ತು.

ಪರಿಮಳಕ್ಕೆ ಎಚ್ಚೆತ್ತು ಬಂದ ಶರ್ಲಿನ್ ಗಿಡವನ್ನು ನೋಡಿದಳು, ಪೈಪನ್ನು ನೋಡಿದಳು, ಹೋಗಿ ಬಚ್ಚಲಿನ ಸ್ವಿಚ್ಚನ್ನು ನೋಡಿದಳು. ಕಾಗದದ ಹಿಂದೆ ಕೆಂಪು ದೀಪ ಉರಿಯುತ್ತಿತ್ತು.

“ಡ್ಯಾಡಿ, ಹೂ ಸ್ವಿಚ್ಡ್ ಇಟ್ ಆನ್?”

ಮನೆಯಲ್ಲಿದ್ದವರು ಇಬ್ಬರು. ಇಷ್ಟು ಕಷ್ಟದ ಪ್ರಶ್ನೆಯನ್ನು ಡೋಲ್ಫಿಯವರಿಗೆ ಇಪ್ಪತ್ತು ಪಾಠಗಳಲ್ಲಿ ಯಾರೂ ಕೇಳಿರಲಿಲ್ಲ. ತಂತಿಯ ದೋಷವಿರಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತು. ಆದರೆ ಕೈಯಲ್ಲಿ ಇನ್ನೂ ಜಪಸರವಿತ್ತು. “ನಾನೇ ಮಗಾ,” ಎಂದರು. “ಕಾಲು ನೋಯ್ತಿತ್ತು.” ಬಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಲ್ಲಿಟ್ಟಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ನಾಲ್ಕು ದಿನ ಡೋಲ್ಫಿಯವರಿಗೆ ಊಟ ರುಚಿಸಲಿಲ್ಲ. ಗಿಡಗಳ ಮಾರುಕಟ್ಟೆಗೆ ಹೋಗಿ ಅದೇ ಎತ್ತರದ ಕರಿಬೇವನ್ನು ಹುಡುಕಿದರು. ಸಿಕ್ಕಿದ್ದರೆ ಡಬ್ಬಿಯಲ್ಲಿ ನೆಟ್ಟು ಸುಮ್ಮನಿರುತ್ತಿದ್ದರೋ ಏನೋ, ದೇವರು ದೊಡ್ಡವನು, ಸಿಗಲಿಲ್ಲ. ಒಪ್ಪಿಕೊಳ್ಳುವುದೇ ದಾರಿಯೆಂದು ಪಾಪನಿವೇದನೆಯ ಕ್ರಮದಲ್ಲಿ ಮಾತುಗಳನ್ನು ಬರೆದು ಬಾಯಿಪಾಠ ಮಾಡಿದರು.

ವಿಮಾನ ನಿಲ್ದಾಣದಲ್ಲಿ ಒಲಿಂಡಾಬಾಯಿ ಟ್ರಾಲಿ ತಳ್ಳಿಕೊಂಡು ಬರುವುದೇ ತಡ, ಡೋಲ್ಫಿಯವರು ಅವರ ಮುಂದೆ ತಲೆ ತಗ್ಗಿಸಿ ನಿಂತರು.

“ಒಲಿಂಡಾ, ನೀನಿಲ್ಲದ ಹೊತ್ತಿನಲ್ಲಿ ನಾನು ದೊಡ್ಡ ಪಾಪ ಮಾಡಿದ್ದೇನೆ. ಮುಂಜಾನೆ, ಶರ್ಲಿನ್ ಮಲಗಿದ್ದಾಗ.”

ಒಲಿಂಡಾಬಾಯಿಯ ಮುಖದ ಬಣ್ಣ ಇಳಿಯಿತು. ಟ್ರಾಲಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, “ಹೆಸರು ಹೇಳಿ,” ಎಂದರು.

“ಕರಿಬೇವು.”

ಅವರು ದೀರ್ಘವಾಗಿ ಉಸಿರು ಬಿಟ್ಟರು. ಅಕ್ಕಪಕ್ಕದವರು ಕೇಳುವಂತೆ ಅವರು ಹೇಳಿದ್ದು ಒಂದೇ ಮಾತು: “ಅಷ್ಟೆಯಾ?”

ಕಾರಿನಲ್ಲಿ ಅವರು ಮದುವೆಯ ಸುದ್ದಿ ಹೇಳಿದರು. ಮದುವೆಯ ಮುನ್ನಾದಿನ ತೆಂಗಿನಹಾಲು ಎರೆಯುವ ರೋಸಿನ ಊಟವನ್ನು ವರ್ಣಿಸಿದರು. ಗಿಡದ ಮಾತೇ ಎತ್ತಲಿಲ್ಲ. ಲಿಫ್ಟಿನಲ್ಲಿ ಒಲಿಂಡಾಬಾಯಿ ಆರರ ಬದಲು ನಾಲ್ಕನ್ನು ಒತ್ತಿದರು. ಅಲ್ಲಿ ಮೈಸೂರಿನ ಕಡೆಯ ರಾಜಮ್ಮನವರ ಮನೆ. ಬಾಗಿಲು ತೆರೆದ ರಾಜಮ್ಮ, ಬಂದವರು ಯಾಕೆ ಬಂದರೆಂದು ಕೇಳದೆ ಒಳಗೆ ಹೋಗಿ, ಮೊಣಕಾಲೆತ್ತರದ, ಕಡುಹಸಿರಿನ ಕರಿಬೇವಿನ ಕುಂಡವೊಂದನ್ನು ಎತ್ತಿ ತಂದರು.

“ನಿಮ್ಮ ಗಿಡದ ಬೇರಲ್ಲಿ ಎದ್ದ ಮರಿನೇ ಕಣ್ರಿ,” ಎಂದರು ಡೋಲ್ಫಿಯವರ ಕಡೆ ತಿರುಗಿ. “ನೀವು ನೋಟ್‌ಬುಕ್ಕು ತಗೊಂಡ್ರಂತಲ್ಲ, ಆವತ್ತೇ ಒಲಿಂಡಾ ಬಿಡಿಸಿ ತಂದು ಕೊಟ್ಬಿಟ್ರು.”

ಡೋಲ್ಫಿಯವರು ಬಗ್ಗಿ ಆ ಗಿಡದ ಎಲೆಯನ್ನು ಮುಟ್ಟಿ ನೋಡಿದರು. ಆದರೂ ಜ್ಞಾನದ ಹಸಿವು ಸುಮ್ಮನಿರಬೇಕಲ್ಲ. ಇಷ್ಟು ಚೆಂದ ಬೆಳೆಯಲು ಏನೇನು ಹಾಕಿದಿರಿ ಎಂದು ವಿನಯದಿಂದ ಕೇಳಿದರು.

“ಏನಿಲ್ಲಪ್ಪ. ದಿನಕ್ಕೊಂದು ಮಗ್ ನೀರು.”

ಆಗಮನ ಕಾಲದ ಆ ಶುಕ್ರವಾರ ಡೋಲ್ಫಿಯವರು ಕೂಟದ ಮುಂದೆ ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದರು. ಸ್ವಿಚ್ಚಿನ ವಿಷಯವನ್ನೂ ಹೇಳಿದರು. ಅಂಥ ಪ್ರವಚನವನ್ನು ಅವರು ಹಿಂದೆಂದೂ ಮಾಡಿರಲಿಲ್ಲವೆಂದು ಕೇಳಿದವರೆಲ್ಲ ಒಪ್ಪುತ್ತಾರೆ. ಗೀಸರಿನ ಮೇಲಿನ ಕಾಗದ ಈಗಿಲ್ಲ. ಅದನ್ನು ಮಗುಚಿ ತಾರೀಕುಗಳ ಮೇಲೆಯೇ ಶರ್ಲಿನ್ ಬರೆದ ಬೇರೊಂದು ಆದೇಶ ಅಡುಗೆಮನೆಯ ಕಿಟಕಿಯಲ್ಲಿದೆ: ‘ಗಿಡದ ಹತ್ತಿರ ಕಣ್ಣು ಮುಚ್ಚಬಾರದು.’

ಹೆಂಡತಿ ಕ್ಷಮಿಸಿ, ಮಗ್ಗನ್ನು ಅವರ ಕೈಗೇ ಕೊಟ್ಟಿದ್ದಾರೆ. ಮೊನ್ನೆ ಬೆಳಿಗ್ಗೆಯೂ ಅವರು ನೀಲಿ ನಲ್ಲಿಯಿಂದ ಒಂದು ಮಗ್ ನೀರು ಹಿಡಿದು ಮರಿಗಿಡದ ಮುಂದೆ ನಿಂತರು. ಹೊಸ ಚಿಗುರು ಮೂಡಿತ್ತು. ಅದನ್ನು ಕಂಡು ಹೃದಯ ತುಂಬಿ ಬಂತು. ತುಟಿಗಳು ತಾವಾಗಿ ಅಲುಗಿದವು.

“ಡ್ಯಾಡಿ, ಓಪನ್ ಯುವರ್ ಐಸ್,” ಎಂದಿತು ಒಳಗಿನಿಂದ ಒಂದು ಸ್ವರ.

ಡೋಲ್ಫಿಯವರು ಕಣ್ಣು ತೆರೆದರು. ಮಗ್ ಖಾಲಿಯಾಗಿತ್ತು, ಗಿಡದ ಮಣ್ಣು ಒಣಗಿಯೇ ಇತ್ತು. ನೀರೆಲ್ಲ ತಮ್ಮ ಬಲಗಾಲಿನ ಮೇಲೆ ಬಿದ್ದಿದ್ದನ್ನೂ, ಅದು ತಣ್ಣೀರೇ ಆಗಿದ್ದನ್ನೂ ಕಂಡು, ಅವರು ಭಕ್ತಿಯಿಂದ ದೇವರಿಗೆ ಸ್ತೋತ್ರ ಸಲ್ಲಿಸಿದರು.